ತಪ್ಪು ಕೈಯದೋ, ತಂತಿಯದೋ?



ಪಠ್ಯಪುಸ್ತಕ, ಖಾಲಿ ಹುದ್ದೆ, ತರಬೇತಿ, ಪರೀಕ್ಷೆ... ನಾವು ಕನ್ನಡ ಮಾಧ್ಯಮದ ಮೇಷ್ಟ್ರುಗಳು ಒಂದೆಡೆ ಸೇರಿದರೆ ಮಾತು ಇವುಗಳ ಸುತ್ತಲೇ ಸುತ್ತುತ್ತದೆ. ಈ ಸಲ ಅವಕ್ಕೆಲ್ಲ ರಜೆ ಕೊಡೋಣ. ನಾವೀಗ ಬರೆಯಹೊರಟಿರುವುದು ಮನೆಯಲ್ಲಿರುವ ಒಂದು ಹಳೇ ವಿಡಿಯೋ ಗೇಮ್ ಪೆಟ್ಟಿಗೆಯ ಗುಂಡಿಗಳು ಕೈಕೊಟ್ಟರೆ ಏನು ಮಾಡಬೇಕು ಎಂಬುದರ ಬಗ್ಗೆ! "ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು" ಎಂದು ನಗುವವರು ನಗಲಿ. ಕೊನೆವರೆಗೆ ಓದಿದರೆ ಇದೂ ನಮ್ಮ ಶಾಲೆಯ ವಿಷಯವೇ ಎಂದು ನಿಮಗೇ ಗೊತ್ತಾಗುತ್ತದೆ.

ಮೊದಲು ಊರಿನ ವಿಚಾರ ಸ್ವಲ್ಪ ಹೇಳಿಬಿಡುತ್ತೇವೆ. ನಮ್ಮ ಡೆಂಕಣಿಕೋಟೆ, ಹೊಸೂರು ಸೀಮೆ ಮೊದಲು ಸೇಲಂ ಜಿಲ್ಲೆಯಲ್ಲಿತ್ತು. 1965ರ ಅಕ್ಟೋಬರ್ 2ರಂದು ಧರ್ಮಪುರಿ ಬೇರೆ ಜಿಲ್ಲೆಯಾದಾಗ ನಾವು ಧರ್ಮಪುರಿಯವರಾದೆವು. 2004ರಲ್ಲಿ ಕೃಷ್ಣಗಿರಿ ಬೇರೆಯಾದ ಮೇಲೆ ಕೃಷ್ಣಗಿರಿಯವರಾದೆವು. ಊರು ಮಾತ್ರ ಇದ್ದಲ್ಲೇ ಇದೆ. ಮನೆಮಾತೂ ಇದ್ದ ಹಾಗೇ ಇದೆ. ಜಿಲ್ಲೆಗಳು ಬೇರೆಯಾದರೂ ಸಂಬಂಧಗಳು ಬೇರೆಯಾಗಲಿಲ್ಲ. ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿದು ಸೇಲಂಗೆ ಹೋದರೆ ಅಲ್ಲಿ ನಮ್ಮ ಅಕ್ಕನ ಮನೆ. ಭಾವನವರದು ನೇಕಾರರ ಮನೆತನ. ಸೇಲಂನಲ್ಲಿ ಮನೆಯೊಳಗೆ ಕನ್ನಡ ಆಡುವ ನೇಕಾರ ಕುಟುಂಬಗಳು ತಲೆಮಾರುಗಳಿಂದ ಇವೆ. ಮಾತು ಕನ್ನಡ, ಓದು ಬರಹ ತಮಿಳು. "ನಿಮ್ಮ ಅಕ್ಷರ ನೋಡಿದ್ರೆ ಜಿಲೇಬಿ ಥರ ಕಾಣ್ತದೆ ಮೇಷ್ಟ್ರೇ" ಎಂದು ಭಾವನವರು ನಮ್ಮನ್ನು ಈಗಲೂ ರೇಗಿಸುತ್ತಾರೆ.

ಈ ಭಾವನವರು 1990ರ ದಶಕದಲ್ಲಿ ಮಗ್ಗದ ಜೊತೆಗೆ ಒಂದು ಪುಟ್ಟ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಆ ಕಾಲದವರಿಗೆ ನೆನಪಿರಬಹುದು. ಕತ್ತಲೆ ಕೋಣೆ, ನಾಲ್ಕೈದು ಮರದ ಪೆಟ್ಟಿಗೆ, ಒಳಗೆ ಟಿವಿ, ಎದುರಿಗೆ ಹಿಡಿ ಮತ್ತು ಗುಂಡಿಗಳು, ಒಂದು ರೂಪಾಯಿಗೆ ಒಂದು ಆಟ! ಹುಡುಗರು "ಮುಸ್ತಫಾ" ಎಂದು ಕರೆಯುತ್ತಿದ್ದ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಅದರಲ್ಲಿ ಆರಿಸಿಕೊಳ್ಳಲು ನಾಲ್ವರು ಇದ್ದರೂ ನಮ್ಮ ಹುಡುಗರಿಗೆ ಮುಸ್ತಫಾ ಎಂಬ ಹೆಸರು ಮಾತ್ರ ಬಾಯಲ್ಲಿ ಉಳಿಯಿತು. ಕೊನೆಗೆ ಆಟಕ್ಕೇ ಅದೇ ಹೆಸರಾಯಿತು. ಮನೆಗಳಿಗೆ ಟಿವಿ ಗೇಮ್ ಬಂತು, ಆಮೇಲೆ ಬ್ರೌಸಿಂಗ್ ಸೆಂಟರ್ ಬಂತು, ಭಾವನವರ ಅಂಗಡಿ ಮುಚ್ಚಿತು. ಪೆಟ್ಟಿಗೆಗಳನ್ನೆಲ್ಲ ಮಾರಿ ಒಂದನ್ನು ಮಾತ್ರ ಮನೆಗೆ ತಂದರು. ಬಹಳ ವರ್ಷ ಅದರ ಮೇಲೆ ಅಕ್ಕನ ಹಳೆ ಸೀರೆ, ಸೀರೆಯ ಮೇಲೆ ಹಪ್ಪಳದ ಡಬ್ಬ. ಪಾಲಿಟೆಕ್ನಿಕ್ ಓದುತ್ತಿರುವ ಅಳಿಯ ಎರಡು ವರ್ಷದ ಹಿಂದೆ ಡಬ್ಬ ಇಳಿಸಿ, ಹೊಸ ಪವರ್ ಸಪ್ಲೈ ಹಾಕಿ, ಅದಕ್ಕೆ ಜೀವ ತಂದ.

ಈಗ ನಮ್ಮ ತಮ್ಮನ ಮಗಳ ವಿಷಯ. ಎಂಟನೆಯ ತರಗತಿವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದಳು. ಮುಂದಕ್ಕೆ ಹತ್ತಿರದಲ್ಲಿ ಕನ್ನಡ ಮಾಧ್ಯಮ ಇಲ್ಲ. ಅತ್ತೆಯ ಮನೆಯಲ್ಲಿದ್ದು ಓದಲಿ ಎಂದು ಸೇಲಂನಲ್ಲಿ ತಮಿಳು ಮಾಧ್ಯಮದ ಒಂಬತ್ತನೆಯ ತರಗತಿಗೆ ಸೇರಿಸಿದರು. ನಿಮಗೆಲ್ಲ ಗೊತ್ತಿರುವಂತೆ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳೂ ಒಂದನೆಯ ತರಗತಿಯಿಂದ ತಮಿಳು ಓದುತ್ತಾರೆ. ಆದ್ದರಿಂದ ಅವಳಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುತ್ತದೆ. ಆದರೆ ಭಾಷೆಯೊಂದನ್ನು ಪಾಠವಾಗಿ ಓದುವುದು ಬೇರೆ, ಆ ಭಾಷೆಯಲ್ಲಿ ವಿಜ್ಞಾನ, ಸಮಾಜ, ಗಣಿತ ಎಲ್ಲವನ್ನೂ ಓದುವುದು ಬೇರೆ.

ಈ ಸಲ ಕಾಲು ವಾರ್ಷಿಕ ಪರೀಕ್ಷೆಯ ರಜೆಯಲ್ಲಿ ಆಯುಧಪೂಜೆಗೆಂದು ಸೇಲಂಗೆ ಹೋಗಿದ್ದೆವು. ಸಂಜೆಯಾದರೆ ಅಳಿಯನಿಗೂ ಹುಡುಗಿಗೂ ಆಟ. ಅವನು ಎಡಗಡೆ, ಅವಳು ಬಲಗಡೆ. ಇಬ್ಬರೂ ಒಂದೇ ಪಕ್ಷ, ಎದುರಿಗೆ ಬರುವ ಕಳ್ಳರನ್ನು ಹೊಡೆಯಬೇಕು. ಆದರೆ ಎರಡು ನಿಮಿಷದಲ್ಲಿ ಅವಳ ಆಟ ಮುಗಿಯುತ್ತಿತ್ತು. ಜಿಗಿಯಬೇಕಾದಲ್ಲಿ ಜಿಗಿಯುವುದಿಲ್ಲ, ತಪ್ಪಿಸಿಕೊಳ್ಳಬೇಕಾದಲ್ಲಿ ನಿಂತಲ್ಲೇ ನಿಂತು ಏಟು ತಿನ್ನುತ್ತಾಳೆ.

"ನಿಂಗೆ ಕೈ ಓಡಲ್ಲ ಕಣೇ, ಎಲ್ಲದ್ರಲ್ಲೂ ನಿಂದು ಸ್ಲೋ" ಎಂದ ಅಳಿಯ. ತಮಾಷೆಗೇ ಹೇಳಿದ್ದು. ಹುಡುಗಿ ಏನೂ ಅನ್ನಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ ಅತ್ತೆಯ ಪಕ್ಕ ತರಕಾರಿ ಹೆಚ್ಚಲು ಕೂತಳು.

ರಾತ್ರಿ ಅಕ್ಕ ಮೆಲ್ಲಗೆ ಹೇಳಿದಳು. "ಇಸ್ಕೂಲಲ್ಲೂ ಇದೇ ಮಾತಂತೆ ಕಣೋ. ಸ್ಲೋ ಅಂತ. ನಿನ್ನ ತಮ್ಮ ಫೋನ್ ಮಾಡಿದ್ದ. ಈ ವರ್ಷ ಮುಗೀಲಿ, ಊರಿಗೆ ಕರ್ಕೊಂಡು ಹೋಗಿ ಹೊಲಿಗೆಗೆ ಹಾಕ್ತೀನಿ, ಓದು ಹತ್ತದಿದ್ದೋರಿಗೆ ಯಾಕೆ ಹಿಂಸೆ ಅಂದ." ಊರಿನಲ್ಲಿದ್ದಾಗ ಈ ಹುಡುಗಿ ತರಗತಿಗೆ ಮೊದಲ ಇಬ್ಬರಲ್ಲಿ ಒಬ್ಬಳು. ಅದನ್ನು ಅಲ್ಲಿನ ಮೇಷ್ಟ್ರುಗಳಾದ ನಾವೇ ನೋಡಿದ್ದೇವೆ. ನಾಲ್ಕು ತಿಂಗಳಲ್ಲಿ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಅಳಿಯನನ್ನು ಕರೆದು, "ನೀನು ಅವಳ ಜಾಗದಲ್ಲಿ ಕೂತು ಆಡು ನೋಡೋಣ" ಎಂದೆವು. ಯಾವ ರಿಪೇರಿಗೂ ಇದು ಮೊದಲ ಹೆಜ್ಜೆ. ಜಾಗ ಬದಲಾಯಿಸುವುದು. ದೋಷ ಆಳಿನ ಜೊತೆ ಹೋಗುತ್ತದೋ, ಜಾಗದಲ್ಲೇ ಉಳಿಯುತ್ತದೋ ನೋಡಬೇಕು. ಅಳಿಯ ಕೂತ, ಆಡಿದ. ನಡುವೆ ಒಂದೆರಡು ಸಲ ತಡವರಿಸಿದ್ದು ಬಿಟ್ಟರೆ ಚೆನ್ನಾಗಿಯೇ ಆಡಿದ. "ನೋಡಿದ್ರಾ ಮಾವ, ಪೆಟ್ಟಿಗೆ ಸರಿ ಇದೆ" ಎಂದ. ಹುಡುಗಿಯ ಮುಖ ಇನ್ನಷ್ಟು ಸಣ್ಣದಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಆ ಒಂದೆರಡು ತಡವರಿಕೆ ನಮ್ಮ ಕಣ್ಣಿಗೆ ಬಿದ್ದಿತ್ತು.

ಇಂಥ ಪೆಟ್ಟಿಗೆಗಳಲ್ಲಿ ಒಳಗೆ ಒಂದು ಪರೀಕ್ಷೆಯ ಸ್ವಿಚ್ ಇರುತ್ತದೆ. ಒತ್ತಿದರೆ ಆಟ ನಿಂತು ತೆರೆಯ ಮೇಲೆ ಪಟ್ಟಿ ಬರುತ್ತದೆ. ಅದರಲ್ಲಿ ಇಬ್ಬರು ಆಟಗಾರರ ಮೇಲೆ, ಕೆಳಗೆ, ಎಡ, ಬಲ, ಹೊಡೆತ, ಜಿಗಿತ, ಸ್ಟಾರ್ಟ್ ಎಲ್ಲ ಬರೆದಿರುತ್ತದೆ. ಯಾವ ಗುಂಡಿ ಒತ್ತಿದರೆ ಅದರ ಮುಂದೆ ಗುರುತು ಬದಲಾಗಬೇಕು. ಇಲ್ಲಿ ಕಳ್ಳರಿಲ್ಲ, ಡೈನೋಸಾರ್ ಇಲ್ಲ, ಸೋಲು ಗೆಲುವಿಲ್ಲ. ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ಅಷ್ಟೇ. ನಮಗಂತೂ ಈ ಪರದೆ ಬಹಳ ಹಿಡಿಸಿತು. ಮಕ್ಕಳಿಗೂ ಇಂಥದ್ದೊಂದು ಪರೀಕ್ಷೆ ಇರಬಾರದೇ ಅನ್ನಿಸಿತು... ಅಂಕ ಇಲ್ಲದ್ದು, ಎಲ್ಲಿ ತಲುಪುತ್ತದೆ ಎಲ್ಲಿ ತಲುಪುವುದಿಲ್ಲ ಎಂದು ತೋರಿಸುವಂಥದ್ದು.

ಹುಡುಗಿಗೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು, "ಒಂದೊಂದಾಗಿ ಒತ್ತು ಕಂದ, ಪ್ರತಿಯೊಂದೂ ಹತ್ತು ಸಲ. ಎಷ್ಟು ಸಲ ಬಂತು ಬರಿ" ಎಂದೆವು. ಎರಡನೇ ಆಟಗಾರನ ಸ್ಟಾರ್ಟ್ ಹತ್ತಕ್ಕೆ ಹತ್ತು. ಹೊಡೆತ ಹತ್ತಕ್ಕೆ ಹತ್ತು. ಜಿಗಿತ ಹತ್ತಕ್ಕೆ ಮೂರು. ಹಿಡಿಯ ನಾಲ್ಕು ದಿಕ್ಕೂ ಹಾಗೇ, ಎರಡು, ನಾಲ್ಕು, ಮೂರು, ಎರಡು. ಆಮೇಲೆ ಅಳಿಯನನ್ನು ಕೂರಿಸಿದೆವು. ಅವನಿಗೆ ಎಲ್ಲವೂ ಒಂಬತ್ತು, ಹತ್ತು!

ಅಳಿಯ ನಕ್ಕ. ನಾವು ಅವನ ಕೈ ನೋಡಿದೆವು. ಅವನಿಗೆ ಅಂಗೈಯನ್ನು ಹಲಗೆಯ ಮೇಲೆ ಭಾರವಾಗಿ ಊರಿ ಆಡುವ ಅಭ್ಯಾಸ. ಹುಡುಗಿ ಬೆರಳ ತುದಿಯಲ್ಲಿ ಹಗುರವಾಗಿ ಒತ್ತುತ್ತಾಳೆ. "ಅಂಗೈ ಎತ್ತಿ ಒತ್ತಪ್ಪಾ" ಎಂದೆವು. ಎತ್ತಿದ. ಜಿಗಿತ ಹತ್ತಕ್ಕೆ ಮೂರು! ಅವನ ಭಾರಕ್ಕೆ ಹಲಗೆ ಬಗ್ಗಿ, ಒಳಗೆಲ್ಲೋ ಬಿಟ್ಟುಹೋಗಿದ್ದ ಸಂಪರ್ಕ ಕೂಡಿಕೊಳ್ಳುತ್ತಿತ್ತು. ಬಲವಾಗಿ ಊರುವವನಿಗೆ ದೋಷ ಕಾಣಲೇ ಇಲ್ಲ. ಹಗುರ ಕೈಯವಳಿಗೆ ದೋಷವೆಲ್ಲ ಅವಳದೇ ಎಂಬಂತೆ ಕಂಡಿತು.

ಅಳಿಯ ನಗು ನಿಲ್ಲಿಸಿದ. ಸ್ಕ್ರೂಡ್ರೈವರ್ ತರಲು ತಾನೇ ಓಡಿದ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಪೆಟ್ಟಿಗೆ ಬಿಚ್ಚುವ ಮುಂಚೆ ಗೋಡೆಯ ಪ್ಲಗ್ ಕಿತ್ತಿಡಬೇಕು. ಹಳೆಯ ಟಿವಿಯ ಚಿತ್ರಕೊಳವೆಯಲ್ಲಿ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು. ಆ ಕಡೆ ಕೈ ಹಾಕಲೇಬಾರದು, ಮಕ್ಕಳನ್ನು ಬಿಡಲೇಬಾರದು. ಪವರ್ ಸಪ್ಲೈ ಡಬ್ಬಿಯೂ ಹಾಗೇ. ಗುಂಡಿಗಳಿರುವ ಮುಂದಿನ ಹಲಗೆಯಲ್ಲಿ ಮಾತ್ರ ಹರಿಯುವುದು 5 ವೋಲ್ಟ್. ನಾವು ಹಲಗೆಯನ್ನು ಬಿಚ್ಚಿ, ಮುಂದಕ್ಕೆ ಮಗುಚಿ, ಹಿಂದಿನ ಭಾಗಕ್ಕೆ ಬಾಗಿಲು ಹಾಕಿಯೇ ಕೆಲಸ ಶುರು ಮಾಡಿದ್ದು.

ಮಗುಚಿದರೆ ಒಳಗೆ ಬಣ್ಣಬಣ್ಣದ ತಂತಿಗಳು. ಭಾವನವರು ಬಗ್ಗಿ ನೋಡಿ, "ಪಾವು ಸಿಕ್ಕಾದ ಹಾಗೈತೆ" ಎಂದರು. ಸಿಕ್ಕು ಕಂಡರೂ ಒಳಗಿನ ಲೆಕ್ಕ ಬಹಳ ಸರಳ. ಪ್ರತಿ ಗುಂಡಿಯ ಕೆಳಗೆ ಒಂದು ಪುಟ್ಟ ಮೈಕ್ರೋಸ್ವಿಚ್. ಅದಕ್ಕೆ ಮೂರು ಕಾಲು. ಒಂದು ಎಲ್ಲಕ್ಕೂ ಸಾಮಾನ್ಯವಾದದ್ದು. ಇನ್ನೊಂದು ಒತ್ತಿದಾಗ ಕೂಡುವುದು. ಮತ್ತೊಂದು ಒತ್ತಿದಾಗ ಬಿಡುವುದು. ಆಟದ ಪೆಟ್ಟಿಗೆಗೆ ಬೇಕಾದದ್ದು ಮೊದಲಿನ ಎರಡು. ತಪ್ಪಿ ಮೂರನೆಯದಕ್ಕೆ ತಂತಿ ಸಿಕ್ಕಿಸಿದರೆ ಯಾರೂ ಮುಟ್ಟದಿದ್ದರೂ ಗುಂಡಿ ಒತ್ತಿದ ಹಾಗೇ ಇರುತ್ತದೆ. ಹಿಡಿಯ ಕೆಳಗೂ ಇಂಥವೇ ನಾಲ್ಕು, ದಿಕ್ಕಿಗೊಂದು. ಓರೆಯಾಗಿ ತಳ್ಳಿದರೆ ಒಟ್ಟಿಗೆ ಎರಡು ಒತ್ತುತ್ತವೆ.

ಗುಂಡಿಯಿಂದ ಬೋರ್ಡಿಗೆ ಹೋಗುವ ದಾರಿಗೂ ಒಂದು ಕಟ್ಟಳೆ ಇದೆ. ಜಪಾನಿನಲ್ಲಿ ಇಂಥ ಯಂತ್ರಗಳನ್ನು ಮಾಡುವವರ ಸಂಘ 1985ರ ಸುಮಾರಿಗೆ ಒಂದು ಜೋಡಣೆಯನ್ನು ಎಲ್ಲರಿಗೂ ಸಮನಾಗಿ ಗೊತ್ತು ಮಾಡಿತು. ಅದನ್ನು 'ಜಾಮಾ' ಎನ್ನುತ್ತಾರೆ. ಬೋರ್ಡಿನ ಅಂಚಿನಲ್ಲಿ ಆ ಬದಿಗೆ 28, ಈ ಬದಿಗೆ 28, ಒಟ್ಟು 56 ಸಂಪರ್ಕಗಳು. ಒಂದು ಬದಿಯಲ್ಲಿ ಮೊದಲ ಆಟಗಾರನದು, ಅದರ ಬೆನ್ನಿಗೆ ಎರಡನೆಯವನದು. 18 ಮೇಲೆ, 19 ಕೆಳಗೆ, 20 ಎಡ, 21 ಬಲ. ಇದು ಗೊತ್ತಿದ್ದರೆ ಯಾವ ದೇಶದ ಪೆಟ್ಟಿಗೆಯನ್ನಾದರೂ ಸೇಲಂನಲ್ಲಿ ಕೂತು ರಿಪೇರಿ ಮಾಡಬಹುದು. ಬೋರ್ಡು ಪ್ರತಿ ಗುಂಡಿಯ ತಂತಿಯನ್ನೂ 5 ವೋಲ್ಟಿನಲ್ಲಿ ಎತ್ತಿ ಹಿಡಿದಿರುತ್ತದೆ. ಗುಂಡಿ ಒತ್ತಿದಾಗ ಆ ತಂತಿ ನೆಲದ ತಂತಿಗೆ ಸೇರಿ ಸೊನ್ನೆಗೆ ಇಳಿಯುತ್ತದೆ. ಹಾಗೆ ಇಳಿದದ್ದೇ ಬೋರ್ಡಿಗೆ ಸುದ್ದಿ.

ಅಂದರೆ ಪ್ರತಿ ಗುಂಡಿಗೂ ತನ್ನದೇ ಒಂದು ಬಣ್ಣದ ತಂತಿ ಇದೆ. ನೆಲದ ತಂತಿ, ಆ ಕಪ್ಪು ತಂತಿ ಮಾತ್ರ ಎಲ್ಲರಿಗೂ ಒಂದೇ. ಅದು ಮೊದಲ ಹಿಡಿಯಿಂದ ಹೊರಟು, ಗುಂಡಿಯಿಂದ ಗುಂಡಿಗೆ ಹೂ ಪೋಣಿಸಿದಂತೆ ಸಾಗಿ, ಎರಡನೇ ಆಟಗಾರನ ಸ್ಟಾರ್ಟ್, ಹೊಡೆತ, ಜಿಗಿತ ದಾಟಿ ಕೊನೆಗೆ ಎರಡನೇ ಹಿಡಿಗೆ ಮುಗಿಯುತ್ತದೆ. ಈಗ ಹುಡುಗಿ ಬರೆದ ಹಾಳೆ ಮತ್ತೆ ನೋಡಿ. ಸ್ಟಾರ್ಟ್ ಸರಿ, ಹೊಡೆತ ಸರಿ, ಜಿಗಿತದಿಂದ ಮುಂದೆ ಎಲ್ಲವೂ ಕೆಟ್ಟಿವೆ. ಐದು ಮೈಕ್ರೋಸ್ವಿಚ್‌ಗಳು ಒಂದೇ ಸಲ ಕೆಡುವುದುಂಟೇ? ಇಲ್ಲ. ಹೊಡೆತಕ್ಕೂ ಜಿಗಿತಕ್ಕೂ ನಡುವೆ ಎಲ್ಲೋ ಒಂದು ಕಡೆ ಕಪ್ಪು ತಂತಿ ಕಡಿದಿರಬೇಕು.

ಮಲ್ಟಿಮೀಟರನ್ನು ಹುಡುಗಿಯ ಕೈಗೆ ಕೊಟ್ಟೆವು. ಸದ್ದು ಮಾಡುವ ಗುರುತಿಗೆ ತಿರುಗಿಸಿದರೆ, ಎರಡು ಕಡ್ಡಿಗಳ ನಡುವೆ ದಾರಿ ಇದ್ದರೆ "ಕೀಂ" ಎನ್ನುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ. ಕಪ್ಪು ಕಡ್ಡಿಯನ್ನು ತಂತಿ ಹೊರಡುವಲ್ಲಿ ಇಟ್ಟು, ಕೆಂಪು ಕಡ್ಡಿಯನ್ನು ಒಂದೊಂದೇ ಸ್ವಿಚ್ಚಿಗೆ ಸರಿಸುತ್ತಾ ಹೋದಳು. ಕೀಂ... ಕೀಂ... ಕೀಂ... ಎರಡನೇ ಸ್ಟಾರ್ಟ್, ಕೀಂ. ಹೊಡೆತ, ಕೀಂ. ಜಿಗಿತ... ಸದ್ದಿಲ್ಲ.

"ದೊಡ್ಡಪ್ಪಾ, ವಿದ್ಯುನ್ಮಂಡಲ ಇಲ್ಲಿ ಕಡಿದಿದೆ!" ಎಂದಳು.

ಎಷ್ಟು ಸ್ಪಷ್ಟವಾದ ಮಾತು! ಅಳಿಯನಿಗೆ ಆ ಪದ ಅರ್ಥವಾಗಲಿಲ್ಲ. "ಏನದು?" ಎಂದು ಕೇಳಿದ. ಅವಳು ಹಾಳೆಯ ಮೇಲೆ ಬ್ಯಾಟರಿ, ಬಲ್ಬು, ಸ್ವಿಚ್ಚಿನ ಚಿತ್ರ ಬರೆದು ತೋರಿಸಿದಳು. "ಓ, ಮಿನ್‌ಸುಟ್ರು! ಸರ್ಕ್ಯೂಟ್!" ಎಂದ. ಹುಡುಗಿ ಒಂದು ಕ್ಷಣ ಅವನ ಮುಖ ನೋಡಿದಳು. "ಮಿನ್‌ಸುಟ್ರು ಅಂದ್ರೆ ಇದೇನಾ? ತರಗತಿಯಲ್ಲಿ ದಿನಾ ಹೇಳ್ತಾರೆ. ನಾನು ಬೇರೆ ಏನೋ ಹೊಸದು ಅಂದ್ಕೊಂಡಿದ್ದೆ" ಎಂದಳು.

ನಮಗೆ ಆ ಕ್ಷಣ ಪೆಟ್ಟಿಗೆ ಮರೆತೇಹೋಯಿತು.

ಆದರೂ ಕೈಗೆತ್ತಿಕೊಂಡ ಕೆಲಸ ಮುಗಿಸಬೇಕಲ್ಲ. ಜಿಗಿತದ ಸ್ವಿಚ್ಚಿಗೆ ಬರುವ ಕಪ್ಪು ತಂತಿಯ ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಇತ್ತು. ಎಳೆದರೆ ರಬ್ಬರಿನಂತೆ ಹಿಗ್ಗಿತು. ಒಳಗಿನ ತಾಮ್ರದ ಎಳೆಗಳು ತಗಡಿನ ಕ್ಲಿಪ್ಪಿನ ಬುಡದಲ್ಲೇ ತುಂಡಾಗಿದ್ದವು. ಮೇಲಿನಿಂದ ನೋಡಿದರೆ ಯಾರಿಗೂ ಗೊತ್ತಾಗದು. ಭಾವನವರು ಅದನ್ನು ಬೆರಳಲ್ಲಿ ಹಿಡಿದು, "ಎಳೆ ಕಡಿದಿರೋವಾಗ ಬಟ್ಟೇನ ಬೈದ್ರೆ ಏನು ಬಂತು? ಮಗ್ಗ ನಿಲ್ಸಿ ಎಳೆ ಹುಡುಕ್ಬೇಕು" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಅಳಿಯ ತಲೆ ಬಗ್ಗಿಸಿ ತಂತಿ ಸುಲಿಯುತ್ತಿದ್ದ.

ತುಂಡಾದ ಜಾಗ ಕತ್ತರಿಸಿ, ಹೊಸ ಕ್ಲಿಪ್ ಹಾಕಿ ಬಿಗಿದೆವು. ಜೊತೆಗೆ ಇನ್ನೊಂದು ಕೆಲಸ ಮಾಡಿದೆವು. ಇಂಥ ಪೆಟ್ಟಿಗೆ ಇರುವವರು ಇದನ್ನು ಗಮನಿಸಬೇಕು. ಕಪ್ಪು ತಂತಿ ಕೊನೆಯ ಹಿಡಿಯಲ್ಲಿ ಮುಗಿಯುತ್ತದೆ ಎಂದೆವಲ್ಲ? ಆ ಕೊನೆಯಿಂದ ಹೊಸದೊಂದು ತಂತಿ ಎಳೆದು ಮತ್ತೆ ಬೋರ್ಡಿನ ನೆಲದ ಸಂಪರ್ಕಕ್ಕೆ ಸೇರಿಸಿದೆವು. ಈಗ ಸಾಲು ಹೋಗಿ ಬಳೆಯಾಯಿತು. ನಡುವೆ ಎಲ್ಲಿ ಒಂದು ಕಡೆ ಕಡಿದರೂ ಆ ಕಡೆಯಿಂದಲೋ ಈ ಕಡೆಯಿಂದಲೋ ದಾರಿ ಸಿಕ್ಕೇ ಸಿಗುತ್ತದೆ. ಜಾಮಾ ಜೋಡಣೆಯಲ್ಲೂ ನೆಲದ ಸಂಪರ್ಕವನ್ನು ಒಂದೇ ಕಡೆ ಇಟ್ಟಿಲ್ಲ. ಅಂಚಿನ ಈ ತುದಿಯಲ್ಲಿ ನಾಲ್ಕು, ಆ ತುದಿಯಲ್ಲಿ ನಾಲ್ಕು ಇವೆ.

ಉಳಿದ ಸಣ್ಣಪುಟ್ಟ ದೋಷಗಳನ್ನೂ ಹೇಳಿಬಿಡುತ್ತೇವೆ. ಮೊದಲ ಆಟಗಾರನ ಹೊಡೆತದ ಗುಂಡಿ ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ಬಿಚ್ಚಿದರೆ ಒಳಗೆ ಪನ್ನೀರ್ ಸೋಡಾ ಚೆಲ್ಲಿ ಅಂಟು ಹಿಡಿದಿತ್ತು. ಪ್ಲಾಸ್ಟಿಕ್ ಭಾಗವನ್ನು ಮಾತ್ರ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿದೆವು. ಮೊದಲ ಹಿಡಿಯ ಬಲ ದಿಕ್ಕು ಪೂರ್ತಿ ತಳ್ಳಿದರೆ ಮಾತ್ರ ಹಿಡಿಯುತ್ತಿತ್ತು. ಇದು ಸ್ವಿಚ್ಚಿನದೋ ತಂತಿಯದೋ ತಿಳಿಯಲು ಎಡದ ಸ್ವಿಚ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆವು. ದೋಷ ಸ್ವಿಚ್ಚಿನ ಜೊತೆಯಲ್ಲೇ ಎಡಕ್ಕೆ ಹೋಯಿತು. ಅಂದಮೇಲೆ ಸ್ವಿಚ್ಚಿನದೇ. ಅದರ ತಗಡಿನ ನಾಲಿಗೆ ಸವೆದು ಬಗ್ಗಿತ್ತು. ಪೇಟೆಯಿಂದ ಹೊಸ ಸ್ವಿಚ್ ತಂದೆವು, ಒಂದು ಚಹಾ ತಿಂಡಿಯ ಖರ್ಚೂ ಆಗಲಿಲ್ಲ. ಇಡೀ ರಿಪೇರಿಯಲ್ಲಿ ಕೊಂಡ ಹೊಸ ಸ್ವಿಚ್ ಅದೊಂದೇ.

ಯಂತ್ರ ನಿಂತಿತು ಅಂದರೆ ಯಂತ್ರ ಕೆಟ್ಟಿತು ಎಂದು ಅರ್ಥವಲ್ಲ ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯವರು 'ಪಾಂಗ್' ಎಂಬ ಮೊದಮೊದಲ ವಿಡಿಯೋ ಗೇಮನ್ನು ಕ್ಯಾಲಿಫೋರ್ನಿಯಾದ ಸನ್ನಿವೇಲ್ ಊರಿನ ಒಂದು ಮದ್ಯದಂಗಡಿಯಲ್ಲಿ ಪರೀಕ್ಷೆಗಾಗಿ ಇಟ್ಟಿದ್ದರು. ಕೆಲವು ದಿನಕ್ಕೆ "ನಿಮ್ಮ ಯಂತ್ರ ಕೆಟ್ಟಿದೆ" ಎಂದು ಕರೆ ಬಂತು. ಅದನ್ನು ಮಾಡಿದ ಎಂಜಿನಿಯರ್ ಅಲನ್ ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕಿ ಮುಂದಿನ ನಾಣ್ಯ ಹಿಡಿಯದಾಗಿತ್ತಂತೆ! ಇದನ್ನು ಅವರೇ ಹೇಳಿಕೊಂಡಿದ್ದಾರೆ. ಒಳಗಿನ ಬೋರ್ಡಿಗೆ ಏನೂ ಆಗಿರಲಿಲ್ಲ.

ಸಂಜೆ ಇಬ್ಬರೂ ಮತ್ತೆ ಆಡಿದರು. ಹುಡುಗಿ ಎದ್ದೆದ್ದು ಗೆದ್ದಳು ಎಂದು ಬರೆಯುವ ಆಸೆ ನಮಗೂ ಇದೆ, ಆದರೆ ಹಾಗೇನೂ ಆಗಲಿಲ್ಲ. ಅಭ್ಯಾಸ ಇಲ್ಲದ ಕೈ, ಸೋತಳು. ಆದರೆ ಈ ಸಲ ಜಿಗಿದು ಸೋತಳು, ಓಡಿ ಸೋತಳು. ಮೂರನೆಯ ದಿನಕ್ಕೆ ಅವನ ಸಮಕ್ಕೆ ಬಂದಳು.

ನಮ್ಮ ತಲೆಯಲ್ಲಿ ಮಾತ್ರ "ಮಿನ್‌ಸುಟ್ರು" ಓಡುತ್ತಲೇ ಇತ್ತು. ಅವಳ ಕಾಲು ವಾರ್ಷಿಕದ ವಿಜ್ಞಾನದ ಉತ್ತರ ಪತ್ರಿಕೆ ತರಿಸಿದೆವು. ಮೊದಲ ಪುಟದ ಮೇಲೆ ಕೆಂಪು ಶಾಯಿಯ ಮೊತ್ತ ಇತ್ತು, ಹೇಳಿಕೊಳ್ಳುವಂಥದ್ದಲ್ಲ. ಆ ಮೊತ್ತ ಬಿಟ್ಟು, ಗುಂಡಿಗಳನ್ನು ನೋಡಿದ ಹಾಗೇ ಒಂದೊಂದು ಪ್ರಶ್ನೆಯನ್ನೂ ನೋಡಿದೆವು. ಚಿತ್ರ ಬರೆದು ಭಾಗ ಗುರುತಿಸುವುದು ಸರಿ. ಲೆಕ್ಕ ಸರಿ, ಏಕಮಾನ ಸಹಿತ ಸರಿ. ಹೊಂದಿಸಿ ಬರೆಯುವುದು ಮುಕ್ಕಾಲು ಸರಿ. ಎರಡು ವಾಕ್ಯದಲ್ಲಿ ವ್ಯಾಖ್ಯೆ ಬರೆಯಬೇಕಾದಲ್ಲಿ, ಕಾರಣ ಕೊಡಬೇಕಾದಲ್ಲಿ ಮಾತ್ರ ಖಾಲಿ, ಖಾಲಿ, ಖಾಲಿ. ಒಂದು ಜಾಗದವರೆಗೆ ಎಲ್ಲ ತಲುಪುತ್ತದೆ, ಅಲ್ಲಿಂದ ಮುಂದೆ ಒಂದೂ ಇಲ್ಲ. ವಿಜ್ಞಾನ ಗೊತ್ತಿಲ್ಲದ ಹುಡುಗಿಯ ಪತ್ರಿಕೆ ಹೀಗಿರುವುದಿಲ್ಲ. ಅಂಥವರದು ಅಲ್ಲೊಂದು ಇಲ್ಲೊಂದು ತಪ್ಪಿರುತ್ತದೆ. ಇಲ್ಲಿ ಕಡಿದಿರುವುದು ಒಂದೇ ತಂತಿ, ಪದಗಳದ್ದು.

ಕೇಳಿದಾಗ ಅವಳೇ ಹೇಳಿದಳು. "ಪ್ರಶ್ನೆ ಕೇಳಿದಾಗ ಮೊದ್ಲು ಕನ್ನಡದಲ್ಲಿ ಬರ್ತದೆ ದೊಡ್ಡಪ್ಪಾ. ಅದನ್ನ ತಮಿಳಿಗೆ ಮಾಡೋಷ್ಟರಲ್ಲಿ ಪಕ್ಕದೋಳು ಹೇಳಿಬಿಡ್ತಾಳೆ." ಇದಕ್ಕೆ ನಿಧಾನ ಎಂದು ಹೆಸರು ಬಂದಿತ್ತು. ಎರಡು ಕೆಲಸ ಮಾಡುವವಳಿಗೆ ಒಂದು ಕೆಲಸ ಮಾಡುವವಳಿಗಿಂತ ಹೊತ್ತು ಹಿಡಿಯುವುದಿಲ್ಲವೇ? ಅಲ್ಲಿನ ಉಪಾಧ್ಯಾಯರನ್ನೂ ನಾವು ದೂರುವುದಿಲ್ಲ. ತುಂಬಿದ ತರಗತಿಯಲ್ಲಿ ಒಬ್ಬ ಹುಡುಗಿಯ ತಲೆಯೊಳಗೆ ಯಾವ ಭಾಷೆ ಓಡುತ್ತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಪ್ಲಾಸ್ಟಿಕ್ ಚೆನ್ನಾಗೇ ಇರುತ್ತದೆ.

ಉಳಿದ ರಜೆಯಲ್ಲಿ ಒಂದು ನೋಟ್ ಪುಸ್ತಕಕ್ಕೆ ಗೆರೆ ಹಾಕಿ ಮೂರು ಸಾಲು ಮಾಡಿದೆವು. ಕನ್ನಡ, ತಮಿಳು, ಇಂಗ್ಲಿಷ್. ವಿದ್ಯುತ್ ಪ್ರವಾಹ, ಮಿನ್ನೋಟ್ಟಂ, ಕರೆಂಟ್. ವಿದ್ಯುನ್ಮಂಡಲ, ಮಿನ್‌ಸುಟ್ರು, ಸರ್ಕ್ಯೂಟ್. ವಾಹಕ, ಮಿನ್‌ಕಡತ್ತಿ, ಕಂಡಕ್ಟರ್. ತಮಿಳು ಪದ ಅಳಿಯ ಹೇಳುತ್ತಿದ್ದ, ಕನ್ನಡದ್ದು ಅವಳು ಹೇಳುತ್ತಿದ್ದಳು. ನೋಡಿ, ಪದಗಳನ್ನು ಬಿಡಿಸಿದರೆ ಅವು ಅಪರಿಚಿತವೇನಲ್ಲ! 'ಮಿನ್' ನಮ್ಮ 'ಮಿಂಚು', 'ಸುಟ್ರು' ನಮ್ಮ 'ಸುತ್ತು', 'ಓಟ್ಟಂ' ನಮ್ಮ 'ಓಟ'. ಮಿಂಚಿನ ಸುತ್ತು, ಮಿಂಚಿನ ಓಟ. ಹುಡುಗಿ ನಕ್ಕು, "ನಮ್ಮದಕ್ಕಿಂತ ಇದೇ ಸುಲಭ ಅಲ್ವಾ ದೊಡ್ಡಪ್ಪಾ" ಎಂದಳು. ಕನ್ನಡ ಮೇಷ್ಟ್ರು ಅನ್ನಿಸಿಕೊಂಡ ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ, ನಾವೂ ನಕ್ಕೆವು.

ಕನ್ನಡ ಬಿಟ್ಟರೆ ತಮಿಳು ಬರುತ್ತದೆ ಎಂದು ಕೆಲವರು ತಂದೆತಾಯಿ ತಿಳಿದಿದ್ದಾರೆ. ಬಂದ ದಾರಿಯನ್ನು ಕತ್ತರಿಸಿದರೆ ಹೊಸ ದಾರಿ ತಾನಾಗಿ ಆಗುವುದಿಲ್ಲ. ಅವಳು ವಿದ್ಯುತ್ತಿನ ಪಾಠ ಅರ್ಥ ಮಾಡಿಕೊಂಡದ್ದು ಕನ್ನಡದಲ್ಲಿ. ಆ ಅರ್ಥಕ್ಕೆ ತಮಿಳಿನ ತುದಿಯನ್ನೂ ಕಟ್ಟಬೇಕು. ಆಗ ಒಂದು ಕಡೆ ಬಿಟ್ಟರೂ ಇನ್ನೊಂದು ಕಡೆಯಿಂದ ದಾರಿ ಇರುತ್ತದೆ.

ತಮ್ಮನಿಗೆ ಫೋನ್ ಮಾಡಿ ಉತ್ತರ ಪತ್ರಿಕೆಯನ್ನು ಸಾಲು ಸಾಲಾಗಿ ಓದಿ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಸರಿ ಅಣ್ಣಾ, ಹತ್ತನೇ ಕ್ಲಾಸು ಮುಗೀಲಿ, ಆಮೇಲೆ ನೋಡೋಣ" ಎಂದ. ಅಷ್ಟು ಸಾಕು. ಅರೆ ವಾರ್ಷಿಕದಲ್ಲಿ ಏನಾಗುತ್ತದೋ ನಾವು ಈಗಲೇ ಹೇಳಲಾರೆವು. ಪದಗಳ ಪುಸ್ತಕ ಅರ್ಧ ತುಂಬಿದೆ ಎಂದು ಅಕ್ಕ ಹೇಳಿದಳು.

ಈಗ ನಮ್ಮ ಶಾಲೆಗಳಿಗೆ ಬರೋಣ. ಕಂಪ್ಯೂಟರ್ ಕೋಣೆಯಲ್ಲಿ ಮೌಸ್ ಒತ್ತಿದರೂ ತೆರೆಯದೆ ಮಗುವೊಂದು ಪೆಚ್ಚಾಗಿ ಕೂತಿದ್ದರೆ, ಪಕ್ಕದ ಮೌಸ್ ಸಿಕ್ಕಿಸಿ ನೋಡಿ. ಮೌಸಿನ ಗುಂಡಿಯ ಕೆಳಗಿರುವುದೂ ಇದೇ ಜಾತಿಯ ಮೈಕ್ರೋಸ್ವಿಚ್, ಅದೂ ಸವೆಯುತ್ತದೆ. ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ಅದರ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಬೆಳಕು ಬಹಳಷ್ಟು ಮೊಬೈಲ್‌ಗಳಲ್ಲಿ ಮಿನುಗುವುದು ಕಾಣುತ್ತದೆ. ಶಾಲೆಗೊ೦ದು ಸಾಧಾರಣ ಮಲ್ಟಿಮೀಟರ್ ಇರಲಿ, ಅದನ್ನು ಬೀರುವಿನಲ್ಲಿ ಬೀಗ ಹಾಕದೆ ಸೆಲ್ಲು, ಬಲ್ಬು, ತಂತಿಗಳ ಜೊತೆ ಮಕ್ಕಳ ಕೈಗೆ ಕೊಡೋಣ. ಗೋಡೆಯ ಕರೆಂಟಿನ ಹತ್ತಿರ ಮಾತ್ರ ಬೇಡ.

ಎಂಟನೆಯ ತರಗತಿ ಮುಗಿಸಿ ತಮಿಳು ಮಾಧ್ಯಮಕ್ಕೆ ಹೋಗುವ ಮಕ್ಕಳು ನಮ್ಮಲ್ಲಿ ಪ್ರತಿ ವರ್ಷ ಇದ್ದಾರೆ. ಅವರು ಹೋಗುವ ಮುಂಚೆ, ಕಡೆಯ ತಿಂಗಳಲ್ಲಿ, ಮೂರು ಸಾಲಿನ ಒಂದು ಪದಪುಸ್ತಕ ಅವರ ಕೈಯಿಂದಲೇ ಬರೆಸಿ ಕಳಿಸೋಣ. ಹೋದವರ ಮೊದಲ ಪರೀಕ್ಷೆಯ ಪತ್ರಿಕೆಯನ್ನು ತರಿಸಿ ನೋಡೋಣ. ಮೊತ್ತ ನೋಡಿ ಮುಚ್ಚಿಡುವುದು ಬೇಡ, ಯಾವ ಪ್ರಶ್ನೆಯವರೆಗೆ ತಲುಪಿದೆ, ಎಲ್ಲಿಂದ ಖಾಲಿ ಇದೆ ನೋಡೋಣ. ಕೀಂ ಎನ್ನುವುದು ಎಲ್ಲಿ ನಿಂತಿತು ಎಂದು ಗೊತ್ತಾದರೆ ರಿಪೇರಿ ಕಷ್ಟವಲ್ಲ. ಬಹಳ ಸಲ ಅದಕ್ಕೆ ಬೇಕಾಗುವುದು ಬೆರಳುದ್ದದ ತಂತಿ ಅಷ್ಟೇ.